ಡ್ರೈವರಿಗೊಂದು ದೋಷಪರಿಹಾರ

ಗಾಲ್ಫಿನಲ್ಲಿ ಹಣ ಕೊಡದೆ ದೊರೆಯುವುದು ಸಲಹೆಯೊಂದೇ. ಡ್ರೈವಿಂಗ್ ರೇಂಜ್ ಎಂಬ ಅಭ್ಯಾಸದ ಮೈದಾನದಲ್ಲಿ ಒಂದು ಬುಟ್ಟಿ ಚೆಂಡಿಗೆ ದುಡ್ಡು ತೆರಬೇಕು, ಕೈಗವಸಿಗೆ ತೆರಬೇಕು, ಕೊನೆಯಲ್ಲಿ ಕುಡಿಯುವ ನಿಂಬೆ ಸೋಡಾಕ್ಕೂ ತೆರಬೇಕು. ಆದರೆ ನೀವು ಹೊಡೆದ ಚೆಂಡು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಬಲಗಡೆಯ ಬಲೆಯತ್ತ ಹೊರಳಿತೆಂದರೆ ಸಾಕು, ಅಕ್ಕಪಕ್ಕದ ಚಾಪೆಗಳ ಮೇಲೆ ನಿಂತವರೆಲ್ಲ ತಮ್ಮ ಆಟವನ್ನು ಅಲ್ಲಿಗೇ ಬಿಟ್ಟು ವೈದ್ಯರಾಗುತ್ತಾರೆ. ಬೆಂಗಳೂರಿನ ಹೊರವಲಯದಲ್ಲಿ ನಾನು ಹೋಗುವ ರೇಂಜಿನಲ್ಲಿ ಇಂಥ ವೈದ್ಯರಿಗೆ ಕೊರತೆಯಿಲ್ಲ. ಅವರಲ್ಲಿ ಹಿರಿಯರಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಚೆಂಡು ಯಾವ ದಿಕ್ಕಿಗೆ ಹೋದರೂ, ಎಲ್ಲಿಗೂ ಹೋಗದೆ ಟೀ ಎಂಬ ಪುಟ್ಟ ಗೂಟದ ಮೇಲೆಯೇ ಕುಳಿತಿದ್ದರೂ, "ತಲೆ ಎತ್ತಿಬಿಟ್ಟಿರಿ" ಎನ್ನುತ್ತಾರೆ. ಒಮ್ಮೆ ನಾನು ಬಗ್ಗಿ ಶೂ ಲೇಸ್ ಕಟ್ಟಿಕೊಂಡು ಎದ್ದಾಗಲೂ ಅದೇ ಮಾತು ಕೇಳಿಬಂತು. ಅದನ್ನು ನಂಬಿ ಗಲ್ಲವನ್ನು ಎದೆಗೆ ಒತ್ತಿ ಹಿಡಿದರೆ ಎಡಭುಜ ತಿರುಗಲು ಜಾಗ ಉಳಿಯುವುದಿಲ್ಲ; ಭುಜ ತಿರುಗದಿದ್ದರೆ ಬರೀ ಕೈಗಳೇ ಹೊಡೆಯುತ್ತವೆ; ಚೆಂಡು ಮೊದಲಿಗಿಂತ ಜೋರಾಗಿ ಬಾಗುತ್ತದೆ; ಆಗ ಅವರು ಅದೇ ಮಾತನ್ನು ಇನ್ನಷ್ಟು ಖಚಿತವಾಗಿ ಹೇಳುತ್ತಾರೆ.

ಚೀಲದಲ್ಲಿ ಇಟ್ಟುಕೊಳ್ಳಬಹುದಾದ 14 ಕ್ಲಬ್‌ಗಳಲ್ಲಿ, ಅಂದರೆ ಚೆಂಡು ಹೊಡೆಯುವ ಕೋಲುಗಳಲ್ಲಿ, ದೂರದ ಹೊಡೆತಕ್ಕೆ ಬಳಸುವ ಡ್ರೈವರ್‌ನಷ್ಟು ಉದ್ದನೆಯದೂ ಅದರಷ್ಟು ದೊಡ್ಡ ತಲೆಯದೂ ಸಾಮಾನ್ಯವಾಗಿ ಇನ್ನೊಂದಿರುವುದಿಲ್ಲ. ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದೆಂದು ನಿಯಮವೇ ಇದೆ; ಮಾರುಕಟ್ಟೆಯ ಬಹುಪಾಲು ಡ್ರೈವರ್‌ಗಳು ಆ ಗೆರೆಯವರೆಗೂ ಉಬ್ಬಿಕೊಂಡು ನಿಂತಿವೆ. ಇಷ್ಟು ದೊಡ್ಡ ತಲೆ 45.93 ಗ್ರಾಂ ಮೀರದ ಒಂದು ಪುಟ್ಟ ಚೆಂಡನ್ನು ಮುಟ್ಟುವುದು ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಆಮೇಲೆ ನಾವು ಸೊಂಟವನ್ನು ಎಡಕ್ಕೆ ಬಳುಕಿಸಿ, ತುಟಿ ಕಚ್ಚಿ, ಚೆಂಡನ್ನು ಹೆಸರು ಹಿಡಿದು ಕರೆದರೂ ಅದಕ್ಕೆ ಕೇಳಿಸುವುದಿಲ್ಲ. ಏಳನೆಯ ನಂಬರಿನ ಐರನ್ ಎಂಬ ಗಿಡ್ಡ ಕ್ಲಬ್ಬಿನಿಂದ ಇಷ್ಟೇ ಸೊಟ್ಟಗೆ ಹೊಡೆದರೂ ಚೆಂಡು ಸುಮಾರಾಗಿ ನೇರಕ್ಕೇ ಹೋಗುತ್ತದೆ, ಏಕೆಂದರೆ ಅದರ ಮುಖದ ಓರೆ ಹೆಚ್ಚು; ಆ ಓರೆಯಿಂದ ಹುಟ್ಟುವ ಹಿಮ್ಮುಖ ತಿರುಗು ನಮ್ಮ ಲೋಪವನ್ನು ಮುಚ್ಚಿಹಾಕುತ್ತದೆ. ಡ್ರೈವರಿನ ಮುಖ ಹತ್ತು ಡಿಗ್ರಿಯ ಆಸುಪಾಸಿನಲ್ಲಿ ನೆಟ್ಟಗೆ ನಿಂತಿರುವುದರಿಂದ ಅದು ಯಾವ ಗುಟ್ಟನ್ನೂ ಉಳಿಸುವುದಿಲ್ಲ. ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದು ಈ ಹಿಮ್ಮುಖ ತಿರುಗೇ ಎಂದು 19ನೆಯ ಶತಮಾನದ ಕೊನೆಯಲ್ಲಿ ಎಡಿನ್‌ಬರೋದ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್ ವಿವರಿಸಿದ್ದರು. ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟನ್ನಿನ ಹವ್ಯಾಸಿ ಆಟಗಾರರ ಚಾಂಪಿಯನ್ ಆದರು. ಅಪ್ಪನ ಲೆಕ್ಕಗಳನ್ನು ಟೀ ಎದುರು ನಿಂತು ನೆನೆದಿದ್ದರೆ ಅವರು ಗೆಲ್ಲುತ್ತಿದ್ದರೆಂದು ನನಗೇನೂ ಅನ್ನಿಸುವುದಿಲ್ಲ.

ನನ್ನನ್ನು ಹಿಡಿದಿದ್ದ ರೋಗದ ಹೆಸರು ಸ್ಲೈಸ್. ಬಲಗೈ ಆಟಗಾರನ ಚೆಂಡು ನೇರಕ್ಕೋ ತುಸು ಎಡಕ್ಕೋ ಹೊರಟು, ಅರ್ಧ ಕೋಡುಬಳೆಯಂತೆ ಬಾಗಿ ಬಲಕ್ಕೆ ಬೀಳುವುದು ಇದರ ಲಕ್ಷಣ. ಚೆಂಡು ಬಲಕ್ಕೆ ಹೋಗುತ್ತಿದ್ದರೆ ಎಡಕ್ಕೆ ಗುರಿಯಿಡಬೇಕು ಎಂಬುದು ಪ್ರೈಮರಿ ಶಾಲೆಯ ಮಗುವಿಗೂ ಹೊಳೆಯುವ ಪರಿಹಾರ; ಈ ಕಾಯಿಲೆಯನ್ನು ಇಷ್ಟು ವರ್ಷ ಸಾಕಿ ಬೆಳೆಸಿರುವುದೂ ಆ ಪರಿಹಾರವೇ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಗುವ ಗಳಿಗೆಯಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತಿದೆ ಎಂಬುದು. ಅದು ಎತ್ತ ಬಾಗುತ್ತದೆ ಎಂಬುದನ್ನು ಮುಖಕ್ಕೂ ಕ್ಲಬ್ ಸಾಗುವ ದಾರಿಗೂ ಇರುವ ಅಂತರ ನಿರ್ಧರಿಸುತ್ತದೆ. ಎಡಕ್ಕೆ ತಿರುಗಿ ನಿಂತವನ ಕ್ಲಬ್ಬು ಹೊರಗಿನಿಂದ ಒಳಕ್ಕೆ ಇನ್ನಷ್ಟು ಓರೆಯಾಗಿ ಸಾಗುತ್ತದೆ, ಆದರೆ ಮರಗಳ ಭಯದಿಂದ ಅವನ ಮುಂಗೈಗಳು ಕ್ಲಬ್ಬಿನ ಮುಖವನ್ನು ಮಾತ್ರ ಗುರಿಯತ್ತಲೇ ಹಿಡಿದಿರುತ್ತವೆ. ಹೀಗೆ ಅಂತರ ದೊಡ್ಡದಾಗಿ, ಚೆಂಡು ಮೊದಲಿಗಿಂತ ಬಲಕ್ಕೆ ಹೋಗಿ, ಅವನು ಇನ್ನೂ ಎಡಕ್ಕೆ ತಿರುಗುತ್ತಾನೆ. ನಮ್ಮ ರೇಂಜಿನಲ್ಲಿ ಒಬ್ಬರು ಈ ದಾರಿಯಲ್ಲಿ ಎಷ್ಟು ಮುಂದುವರಿದಿದ್ದಾರೆಂದರೆ, ಅವರು ಡ್ರೈವರ್ ಕೈಗೆತ್ತಿಕೊಂಡಾಗ ಎಡಬದಿಯ ಕ್ಯಾಂಟೀನಿನವರು ಗಾಜಿನ ಲೋಟಗಳನ್ನು ಒಳಗಿಡುತ್ತಾರೆ.

1876ರಲ್ಲಿಯೇ ಗಾಲ್ಫ್ ಕ್ಲಬ್ ಸ್ಥಾಪನೆಯಾದ ಊರು ನಮ್ಮದಾದರೂ, ನಮ್ಮ ಪೈಕಿ ಹೆಚ್ಚಿನವರ ಕೈಗೆ ಮೊದಲು ಬಂದದ್ದು ಕ್ರಿಕೆಟ್ ಬ್ಯಾಟು. ಗಲ್ಲಿಯಲ್ಲಿ ಎದುರುಮನೆಯ ತಾರಸಿಗೆ ಸಿಕ್ಸರ್ ಎತ್ತಿದ ಬಲಗೈ, ಟೀ ಮೇಲೆ ಅಲುಗಾಡದೆ ಕುಳಿತ ಚೆಂಡನ್ನು ಕಂಡರೆ ತಡೆದುಕೊಳ್ಳುವುದಿಲ್ಲ. ಡ್ರೈವರ್ ಕೆಳಗಿಳಿಯುವಾಗ ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ಕೈ ಎಂಬ ಸರದಿಯಿರಬೇಕು. ನಮ್ಮಲ್ಲಿ ಬಲಭುಜವು ಸರದಿ ಮುರಿದು ಎಲ್ಲರಿಗಿಂತ ಮುಂದೆ ನುಗ್ಗುತ್ತದೆ. ಈ ಇಳಿತವೆಲ್ಲ ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುವುದರಿಂದ ಮಧ್ಯದಲ್ಲಿ ಭುಜವನ್ನು ಗದರಿಸಿ ಹಿಂದಕ್ಕೆ ಕಳಿಸಲೂ ಆಗುವುದಿಲ್ಲ. ಇದರ ಜೊತೆಗೆ ದೊಡ್ಡವರ ಆದರ್ಶ ಬೇರೆ. ನನ್ನ ಸ್ನೇಹಿತರೊಬ್ಬರು ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಬೆನ್ ಹೋಗನ್ನರ ಭಕ್ತರು. ಅವರ ಹೇಳಿಕೆಯ ಮೇರೆಗೆ ಎಡಗೈ ಹಿಡಿತವನ್ನು ಹೋಗನ್ನರಂತೆ ಎಡಕ್ಕೆ ತಿರುಗಿಸಿಕೊಂಡ ಮೇಲೆ ನನ್ನ ಚೆಂಡುಗಳು ಬಲಗಡೆಯ ಬಲೆಯನ್ನೂ ದಾಟಿ ಹೋಗಲಾರಂಭಿಸಿದವು. ಹೋಗನ್ ತಮ್ಮ ವೃತ್ತಿಜೀವನದ ಆರಂಭದಲ್ಲಿ ಕಾದಾಡಿದ್ದು ಚೆಂಡು ಎಡಕ್ಕೆ ಹೊರಳುವ ಹುಕ್‌ ಜೊತೆಗೆ, ಸ್ಲೈಸ್‌ ಜೊತೆಗಲ್ಲ, ಲೋ ಬಿ.ಪಿ.ಯವನಿಗೆ ಹೈ ಬಿ.ಪಿ.ಯ ಮಾತ್ರೆ ನುಂಗಿಸಿದ ಸ್ನೇಹಿತರು ಇಂದಿಗೂ ಮಾತ್ರೆಯ ಗುಣವನ್ನೇ ಹೊಗಳುತ್ತಾರೆ.

ಸಲಹೆಗಾರರ ನಡುವೆ ನಂಬಿಕೆಗೆ ಅರ್ಹವಾದ ಸಾಕ್ಷಿಯೆಂದರೆ ಮಕ್ಕಳ ಟಾಲ್ಕಂ ಪೌಡರ್. ಕ್ಲಬ್ಬಿನ ಮುಖಕ್ಕೆ ತೆಳ್ಳಗೆ ಪೌಡರ್ ಹಚ್ಚಿ ಹೊಡೆದರೆ ಚೆಂಡು ತಾಗಿದ ಜಾಗದಲ್ಲಿ ದುಂಡಗಿನ ಕಪ್ಪು ಗುರುತು ಮೂಡುತ್ತದೆ. ಕಣ್ಣಿಗೆ ಹತ್ತಿರ ಹಿಡಿದರೆ ಚೆಂಡಿನ ಗುಳಿಗಳ ಸಾಲು ಕೂಡ ಆ ಬಿಳುಪಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನನ್ನ ಗುರುತುಗಳು ನಡುಮಧ್ಯವನ್ನು ಬಿಟ್ಟು ಕೋಲು ಸೇರುವ ಹಿಮ್ಮಡಿಯ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಹಿಮ್ಮಡಿಗೆ ತಾಗಿದ ಚೆಂಡು, ಮಿಕ್ಕದ್ದೆಲ್ಲ ಸರಿಯಿದ್ದರೂ, ಬಲಕ್ಕೆ ಬಾಗುವ ತಿರುಗನ್ನು ಪಡೆಯುತ್ತದೆ. ತುದಿಗೆ ತಾಗಿದ್ದು ಎಡಕ್ಕೆ ಬಾಗುತ್ತದೆ. ರೇಂಜೆಲ್ಲ ತೊಟ್ಟಿಲ ಮಗುವಿನ ವಾಸನೆ ಹಬ್ಬಿದ್ದರಿಂದ ನಾಲ್ಕು ಜನ ಮೂಗರಳಿಸಿಕೊಂಡು ಬಂದರು, ಗುರುತನ್ನು ಪರೀಕ್ಷಿಸಿದರು, ಮತ್ತು ನಾನು ತಲೆ ಎತ್ತಿರುವುದು ಇದರಿಂದ ಸಾಬೀತಾಯಿತೆಂದು ಹಿರಿಯರು ಘೋಷಿಸಿದರು.

ಕೊನೆಗೆ ದುಡ್ಡು ಕೊಟ್ಟು ಕೋಚ್ ಒಬ್ಬರ ಬಳಿ ಹೋದೆ. ಅವರು ಮಾತು ಕಡಿಮೆಯ ಮನುಷ್ಯ. ಎಡಗೈಯ ಗೆಣ್ಣುಗಳು ಎರಡಾದರೂ ನನಗೆ ಕಾಣುವಂತೆ ಹಿಡಿತವನ್ನು ಬಲಕ್ಕೆ ತಿರುಗಿಸಿದರು, ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೆ ತಂದರು, ಅರ್ಧ ಚೆಂಡು ಕ್ಲಬ್ಬಿನ ನೆತ್ತಿಗಿಂತ ಮೇಲೆ ಕಾಣುವಷ್ಟು ಟೀಯನ್ನು ಎತ್ತರಿಸಿದರು, ಏಕೆಂದರೆ ಡ್ರೈವರಿನಿಂದ ಚೆಂಡನ್ನು ಮೇಲ್ಮುಖವಾಗಿ ಹೊಡೆಯಬೇಕೇ ಹೊರತು ಕಟ್ಟಿಗೆ ಒಡೆದಂತೆ ಅಲ್ಲ. ದೂರದ ಆಸೆಯನ್ನು ಬಿಡುವಂತೆ ಹೇಳಿ, 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನಕ್ಕೆ ಬಂದದ್ದು ದೂರದ ಹೊಡೆತಗಳ ಬಲದಿಂದಲ್ಲ ಎಂಬುದನ್ನೂ ನೆನಪಿಸಿದರು. ಅನಂತರ ಡ್ರೈವರಿನ ಟೊಪ್ಪಿಗೆಯನ್ನು, ಅದು ಹುಲಿಮುಖದ ದಪ್ಪ ಉಣ್ಣೆಯ ಟೊಪ್ಪಿಗೆ, ಚೆಂಡಿನ ಆಚೆಬದಿಗೆ ಸ್ವಲ್ಪ ಹಿಂದೆ ಇಟ್ಟು, ಕ್ಲಬ್ಬು ಹೊರಗಿನಿಂದ ಬಂದರೆ ಮೊದಲು ಹುಲಿಗೆ ತಾಗುತ್ತದೆ, ಒಳಗಿನಿಂದ ಬಂದರೆ ಚೆಂಡಿಗೆ ಮಾತ್ರ ತಾಗುತ್ತದೆ ಎಂದರು. ಮೊದಲ ಹೊಡೆತಕ್ಕೆ ಹುಲಿ ಚೆಂಡಿಗಿಂತ ಮುಂಚೆ ಹೊರಟು, ಚೆಂಡಿಗಿಂತ ನೇರವಾಗಿ ಹಾರಿ, ರೇಂಜಿನ ಹುಲ್ಲಿನ ಮೇಲೆ ಮೊಗಚಿ ಬಿತ್ತು. ಅದನ್ನು ತರಲು ಎಲ್ಲರ ಆಟವನ್ನು ನಿಲ್ಲಿಸಬೇಕಾಯಿತು. ಕೆಲವು ವಾರಗಳಲ್ಲಿ ಹುಲಿಯ ಒಂದು ಕಿವಿ ಹೋಯಿತು, ಬಳಿಕ ಮೀಸೆ ಹೋಯಿತು, ಆಮೇಲೆ ನಿಧಾನವಾಗಿ ಅದಕ್ಕೆ ಪೆಟ್ಟು ಬೀಳುವುದು ನಿಂತಿತು. ಪೌಡರಿನ ಗುರುತು ಮುಖದ ನಡುವಿಗೆ ಸರಿದು ಬಂತು.

ಈ ಹೊಸ ಹೊಡೆತದೊಡನೆ ಬೇರೆ ಊರಿನ ಒಂದು ಕೋರ್ಸಿಗೆ ಹೋದೆವು. ಮೊದಲ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ, ಪೂರ್ವಕ್ಕೆ ಮುಖ ಮಾಡಿತ್ತು. ಬೆಳಗಿನ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಚೆಂಡು ತಾಗಿದ ಸದ್ದು ಚೆನ್ನಾಗಿತ್ತು, ಆದರೆ ಅದು ಹೋದದ್ದು ಯಾರಿಗೂ ಕಾಣಲಿಲ್ಲ. ನನ್ನ ಆಟವನ್ನು ಬಲ್ಲ ಸ್ನೇಹಿತರು ಚರ್ಚೆಯಿಲ್ಲದೆ ಬಲಗಡೆಯ ಮರಗಳತ್ತ ನಡೆದರು. ನನ್ನನ್ನು ಅಂದೇ ಮೊದಲು ನೋಡಿದ, ಚೀಲ ಹೊರುವ ಕ್ಯಾಡಿಯೂ, ಮುಖ ನೋಡಿಯೇ ನಿರ್ಧರಿಸಿದನೋ ಏನೋ, ಅವರಿಗಿಂತ ಮುಂದೆ ಹೋಗಿದ್ದ. ಹುಡುಕಾಟಕ್ಕೆ ಹಿಂದೆ 5 ನಿಮಿಷವಿತ್ತು, 2019ರಿಂದ ಅದನ್ನು 3 ನಿಮಿಷಕ್ಕೆ ಇಳಿಸಿದ್ದಾರೆ. ಆ 3 ನಿಮಿಷ ಮುಗಿದು ಚೆಂಡು ಕಳೆದುಹೋಯಿತೆಂದು ಒಪ್ಪಿಕೊಂಡಾಗ, ಫೇರ್‌ವೇ ಎಂಬ ನಡುವಿನ ಹುಲ್ಲುಹಾದಿಯ ದಿಬ್ಬದಾಚೆ ಹುಲ್ಲು ಕತ್ತರಿಸುತ್ತಿದ್ದಾತ, ನಡುದಾರಿಯಲ್ಲಿ ಬಿದ್ದಿರುವ ಈ ಚೆಂಡು ಯಾರದೆಂದು ಕೂಗಿ ಕೇಳಿದ. ಗಡುವು ಮೀರಿದ ಮೇಲೆ ಸಿಕ್ಕ ಚೆಂಡಿಗೆ ನಿಯಮದಲ್ಲಿ ಬೆಲೆಯಿಲ್ಲ. ದಂಡ ಹೊತ್ತು ಒಬ್ಬನೇ ಟೀಗೆ ಮರಳಿ ಮೂರನೆಯ ಹೊಡೆತ ಹೊಡೆದೆ. ಅದು ಎಡಕ್ಕೆ ಹೊರಟು ಹಳೆಯ ಠೀವಿಯಲ್ಲಿ ಬಲಕ್ಕೆ ಬಾಗಿತು. ಇನ್ನೂ ಮರಗಳ ಕೆಳಗೇ ನಿಂತಿದ್ದ ಕ್ಯಾಡಿ, ಒಂದು ಹೆಜ್ಜೆಯನ್ನೂ ಎತ್ತಿಡದೆ, ತನ್ನ ಕಾಲಬುಡವನ್ನು ತೋರಿಸಿ ಚೆಂಡು ಸಿಕ್ಕಿತೆಂದು ಕೈಯೆತ್ತಿದ.