ಗೋಡೆಯ ಕೆಳಗಿನ ಮೂರಡಿ

ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ನಾನು ಓದಿದ ಸರ್ಕಾರಿ ಶಾಲೆಗೆ ಹಳೆ ವಿದ್ಯಾರ್ಥಿಗಳೆಲ್ಲ ದುಡ್ಡು ಹಾಕಿ ಈ ಬೇಸಿಗೆ ರಜೆಯಲ್ಲಿ ಬಣ್ಣ ಹೊಡೆಸುತ್ತಿದ್ದೇವೆ. ಗೋಡೆ ಮೇಲೆ ಏನು ಬರೆಸೋದು ಅಂತ ಮೊನ್ನೆ ಭಾನುವಾರ ಸೇರಿದ್ದೆವು. ಜಾಸ್ತಿ ಜನ ರೈಲು ಬೋಗಿ ಅಂದರು. ಬರೆಸಲಿ, ಮಕ್ಕಳಿಗೂ ಖುಷಿ. ನನ್ನ ಚಿಂತೆ ಒಳಗಿನ ಗೋಡೆಗಳದ್ದು.

ಎಲ್ಲರೂ ಹೋದ ಮೇಲೆ ನಾಲ್ಕನೇ ಕ್ಲಾಸಿನ ಕೋಣೆಯಲ್ಲಿ ಸುಮ್ನೆ ನೆಲದ ಮೇಲೆ ಕೂತೆ, ಮಕ್ಕಳು ಕೂರುವ ಹಾಗೆ. ಗಾಂಧಿ, ಅಂಬೇಡ್ಕರ್, ವಿಶ್ವೇಶ್ವರಯ್ಯ ಎಲ್ಲರೂ ತೊಲೆ ಪಕ್ಕದಲ್ಲಿದ್ದಾರೆ. ಕತ್ತು ಎತ್ತಿದರೂ ಗಾಜಿನ ಮೇಲೆ ಕಿಟಕಿ ಬೆಳಕು ಹೊಳೆದು ಮುಖ ಕಾಣೋದಿಲ್ಲ. ದೊಡ್ಡವರ ಫೋಟೋ ಮೇಲಿರಬೇಕು ಅನ್ನೋದು ಗೌರವಕ್ಕೆ, ನಿಜ. ಆದರೆ ಕೆಳಗೆ ಕೂತ ಮಗುವಿಗೆ ಅನ್ನಿಸೋದು, ಇವರು ನಮ್ಮ ಕೈಗೆ ಸಿಗೋರಲ್ಲ ಅಂತ.

ಆ ಸಾಲಿನಲ್ಲಿ ಇಬ್ಬರೇ ಹೆಂಗಸರು. ಕಿತ್ತೂರು ಚೆನ್ನಮ್ಮನ ಕೈಯಲ್ಲಿ ಕತ್ತಿ, ಓಬವ್ವನ ಕೈಯಲ್ಲಿ ಒನಕೆ. ಇಬ್ಬರೂ ನಮ್ಮ ಹೆಮ್ಮೆ. ಆದರೆ ಪುಸ್ತಕ ಹಿಡಿದ ಹೆಣ್ಣು ಅಂತ ಇಡೀ ಶಾಲೆಯಲ್ಲಿ ಇರೋದು ಸರಸ್ವತಿ ಒಬ್ಬಳೇ. 1848ರಲ್ಲೇ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಸಾವಿತ್ರಿಬಾಯಿ ಫುಲೆಗೆ ಅಲ್ಲಿ ಜಾಗ ಸಿಕ್ಕಿಲ್ಲ. ಚಾರ್ಟಿನಲ್ಲಿ ರೈತ ಅಂದರೆ ರುಮಾಲು ಸುತ್ತಿ ನೇಗಿಲು ಹೊತ್ತ ಗಂಡಸು. ನಮ್ಮ ಕಡೆ ನಾಟಿ ಹಾಕೋರು, ಕಳೆ ಕೀಳೋರು ಯಾರು? ಆ ಮಕ್ಕಳ ಅವ್ವಂದಿರೇ ಅಲ್ವಾ? ಆಗಸ್ಟ್ ಬಂದರೆ ದಿನವಿಡೀ ಕೆಸರು ಗದ್ದೆಯಲ್ಲಿ ಬಗ್ಗಿ ನಿಂತಿರ್ತಾರೆ. ಮಗು ಬೆಳಗ್ಗೆ ಕಣ್ಣಾರೆ ಕಂಡು ಬಂದ ಅವ್ವ ಶಾಲೆಯ ಗೋಡೆ ಮೇಲೆ ಇಲ್ಲ.

ಜಗುಲಿಯಲ್ಲಿ ‘ನಾವೆಲ್ಲರೂ ಒಂದೇ’ ಅಂತ ಚಂದದ ಅಕ್ಷರ. ಎರಡು ಮಾರು ಆಚೆ ದಾಖಲಾತಿ ಪಟ್ಟಿ. ಯಾವ ಕ್ಲಾಸಿನಲ್ಲಿ ಪರಿಶಿಷ್ಟ ಜಾತಿ ಎಷ್ಟು, ಪಂಗಡ ಎಷ್ಟು, ಇತರೆ ಎಷ್ಟು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಗೆಳೆಯನೊಬ್ಬ ಆ ಪಟ್ಟಿ ಮುಂದೆ ನಿಂತು ಬೆರಳಿಟ್ಟು ನಮ್ಮ ಕ್ಲಾಸಿನ ಸಾಲು ಹುಡುಕಿದ. ಪಂಗಡ ಅನ್ನೋ ಕಡೆ ‘1’ ಅಂತಿತ್ತು. “ಇದು ನಾನೇ ಕಣೋ” ಅಂದ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೆಕ್ಕ ಬೇಕು, ಅದರಿಂದಲೇ ಸ್ಕಾಲರ್‌ಶಿಪ್ ಬರೋದು. ಅದು ರಿಜಿಸ್ಟರಿನಲ್ಲಿ ಇರಲಿ. ಅಂಬೇಡ್ಕರ್ ಫೋಟೋ ತೊಲೆ ಹತ್ತಿರ, ಈ ಪಟ್ಟಿ ಮಾತ್ರ ಮಗುವಿನ ಬೆರಳಿಗೆ ಸಿಗುವಷ್ಟು ಎತ್ತರದಲ್ಲಿ. ನನಗೆ ಇವತ್ತಿಗೂ ಇದು ಹೊಟ್ಟೆಗೆ ಚುಚ್ಚುತ್ತೆ.

2023ರಿಂದ ನಮ್ಮ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ಒಳ್ಳೇದು. ಸಮಾನತೆ ಅನ್ನೋ ಮಾತು ಮಕ್ಕಳಿಗೆ ಮೈಗೆ ಹತ್ತೋದು ಮಾತ್ರ ಅದೇ ಜಗುಲಿಯಲ್ಲಿ, ಬಿಸಿಯೂಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತಾಗ.

ಇದೆಲ್ಲ ಗೊತ್ತಿದ್ದವರು ನಮ್ಮ ಪಕ್ಕದಲ್ಲೇ ಇದ್ದರು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿಕಲಿಯಲ್ಲಿ, ಅಂದರೆ ಚಿಕ್ಕ ಕ್ಲಾಸಿನ ಮಕ್ಕಳು ನಲಿಯುತ್ತಾ ಕಲಿಯೋ ಪದ್ಧತಿಯಲ್ಲಿ, ಗೋಡೆಯ ಕೆಳಭಾಗ ಮಕ್ಕಳದ್ದು. ಅಲ್ಲಿ ಅವರ ಕರಿಹಲಗೆ. ತಲೆ ಮೇಲೆ ದಾರದ ಚಪ್ಪರ, ಅದರಲ್ಲಿ ಅವರೇ ಬರೆದ ಚಿತ್ರ. ನಮ್ಮ ಶಾಲೆಯ ಒಂದರಿಂದ ಮೂರರ ಕೋಣೆಯಲ್ಲೂ ಇದೆ. ನಾಲ್ಕನೇ ಕ್ಲಾಸಿಗೆ ಕಾಲಿಟ್ಟ ಕೂಡಲೇ ಗೋಡೆ ದೊಡ್ಡವರ ಪಾಲಾಗುತ್ತೆ.

ಹಾಗಾಗಿ ನಾನು ಗೆಳೆಯರನ್ನು ಕೇಳಿಕೊಂಡದ್ದು ಇಷ್ಟು. ಎಲ್ಲ ಕೋಣೆಯಲ್ಲೂ ಕೆಳಗಿನ ಮೂರಡಿಗೆ ಕಪ್ಪು ಬಣ್ಣ ಹೊಡೆಸಿ ಮಕ್ಕಳಿಗೆ ಬಿಡೋಣ. ಫೋಟೋಗಳನ್ನು ಅವರ ಕಣ್ಣಿನ ಎತ್ತರಕ್ಕೆ ಇಳಿಸೋಣ. ದಾಖಲಾತಿ ಪಟ್ಟಿ ಇದ್ದ ಜಾಗದಲ್ಲಿ ನಾಟಿ ಹಾಕುವ ಹೆಂಗಸರ ಚಿತ್ರ ಬರಲಿ. ಇನ್ನೊಂದು ಗೋಡೆಗೆ ಶಿವಪುರದ ಧ್ವಜ ಸತ್ಯಾಗ್ರಹ. 1938ರ ಏಪ್ರಿಲ್‌ನಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದ ನಮ್ಮ ತಾಲ್ಲೂಕಿನ ಜನ ನಮ್ಮ ಶಾಲೆಯ ಯಾವ ಗೋಡೆಯಲ್ಲೂ ಇಲ್ಲ.

ಪೇಂಟರ್ ಮುಂದಿನ ವಾರ ಬರ್ತಾರೆ. ಮದ್ದೂರು ಕಡೆಯವರ ಮನೆಯಲ್ಲಿ ಧ್ವಜ ಸತ್ಯಾಗ್ರಹದ ಹಳೆ ಫೋಟೋ, ಅದರಲ್ಲೂ ಹೆಂಗಸರು ಇರೋದು ಇದ್ದರೆ, ದಯವಿಟ್ಟು ಕಳಿಸಿ.