ಆಟಿ ಹದಿನೆಂಟರ ಮದ್ದು

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದ ಆಫೀಸು. ಅಲ್ಲಿನ ಸರ್ವರ್ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಹಳೇ ವಿಂಡೋಸ್ ಸರ್ವರ್ 2008 ಆರ್2 ಇನ್ನೂ ಉಸಿರಾಡುತ್ತಿದೆ. "ಇದಕ್ಕೆ ಸಪೋರ್ಟ್ ನಿಂತಿದ್ದು 2020ರ ಜನವರಿ 14ಕ್ಕೆ, ರೈಟ್ರೇ" ಅಂದೆ, ತೋಟದ ಲೆಕ್ಕ ಬರೆಯುವ ರೈಟರಿಗೆ. "ನಾನೂ ರಿಟೈರ್ ಆಗಿ ಆರು ವರ್ಷ ಆಯ್ತು ಮಾರಾಯ, ದಿನಾ ಬರ್ತಿಲ್ವಾ?" ಅಂದರು.

ಹೊಸ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಡಾಟ್‌ನೆಟ್ ಫ್ರೇಮ್‌ವರ್ಕ್ 4.7 ಎಂಬ ಅಡಿಪಾಯದ ಸಾಫ್ಟ್‌ವೇರ್ ಬೇಕಿತ್ತು. ಪೆನ್‌ಡ್ರೈವಿನಲ್ಲಿ ತಂದಿದ್ದೆ. ಅರ್ಧ ಗಂಟೆ ಕೆಲಸ ಅಂತ ಬಾಯಿ ಬಿಟ್ಟೆ. ಆಗಸ್ಟ್ 3, ಕೊಡಗಿನ ಮಳೆ, ಬೆಳಿಗ್ಗೆಯಿಂದ ಇಂಟರ್ನೆಟ್ ಇಲ್ಲ. ಮಂಡ್ಯದ ಕಡೆಯವನಿಗೆ ಇದೆಲ್ಲ ಹೇಗೆ ಹೊಳೆಯಬೇಕು?

ನೋಡಿದರೆ ಅದಕ್ಕೂ ಮೊದಲು ಇರಬೇಕಾದ ವಿಂಡೋಸ್ ಅಪ್‌ಡೇಟ್ ಕಂತೆ, ಸರ್ವೀಸ್ ಪ್ಯಾಕ್ 1, ಹಾಕಿಯೇ ಇಲ್ಲ. 2011ರಲ್ಲಿ ಬಂದದ್ದು! 900 ಎಂಬಿ ಚಿಲ್ಲರೆ. ಮೊಬೈಲ್ ಸಿಗ್ನಲ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿ ಮಾತ್ರ. ಅಲ್ಲಿ ಕೊಡೆ ಹಿಡಿದು ನಿಂತೆ. ಫೈಲ್ ಇಳಿಯುವಷ್ಟರಲ್ಲಿ ಎರಡು ಜಿಗಣೆಗಳು ನನ್ನ ಕಾಲಿಗೆ ಹತ್ತಿ, ಹೊಟ್ಟೆ ತುಂಬಿಸಿಕೊಂಡು ಉದುರಿದ್ದವು.

ಕಂಪ್ಯೂಟರ್ ಆಫ್ ಮಾಡಬೇಡಿ ಅಂತ ಪರದೆ ಮೇಲೆ ಬಂತು. ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಅನ್ನತೊಡಗಿತು. ರೈಟರು ಜನರೇಟರ್ ಕಡೆಗೆ ಹೊರಟವರು ಬಾಗಿಲಲ್ಲಿ ನಿಂತು, ಡೀಸೆಲ್ ಯಾರು ತರಬೇಕಿತ್ತು ಅಂತ ಯೋಚಿಸತೊಡಗಿದರು. ನಾನು ಚಾಮುಂಡಿಯಿಂದ ಕಾವೇರಿಯವರೆಗೆ ಎಲ್ಲರಿಗೂ ಹರಕೆ ಹೊತ್ತೆ. ಹೇಗೋ ದಾಟಿತು.

ಮತ್ತೆ 4.7 ಕ್ಲಿಕ್ ಮಾಡಿದೆ. ಈಗ ಅದು ಅಸಲಿ ಅಂತ ಹೇಳುವ ಡಿಜಿಟಲ್ ಸಹಿಯ ಮೇಲೇ ಸರ್ವರಿಗೆ ಅನುಮಾನ. ಆ ಸಹಿಯ ಮೂಲ ಸರ್ಟಿಫಿಕೇಟು 2011ರದ್ದು. ನೆಟ್ ಕಾಣದ ಈ ಸರ್ವರಿಗೆ ಅದರ ಪರಿಚಯವೇ ಇಲ್ಲ. ನಾನು ಮಡಿಕೇರಿಗೆ ಬಂದ ಹೊಸದರಲ್ಲಿ ಒಬ್ಬ ಅಜ್ಜ "ನೀನು ಯಾವ ಒಕ್ಕ?" ಅಂತ, ಅಂದರೆ ಯಾವ ಮನೆತನ ಅಂತ ಕೇಳಿದ್ದರು. ಅದೇ ಮುಖಭಾವ. ಪುನಃ ಕಣ, ಕೊಡೆ, ಜಿಗಣೆ. ಸರ್ಟಿಫಿಕೇಟ್ ತಂದು ಪರಿಚಯ ಮಾಡಿಸಿದೆ.

ಆಮೇಲೆ ಡಿ3ಡಿ ಕಂಪೈಲರ್ ಫೈಲ್ ಬೇಕಂತೆ. ಅದು ಗ್ರಾಫಿಕ್ಸಿಗೆ ಬೇಕಾದದ್ದು. ಇಲ್ಲಿರುವುದು ಕಾಫಿ ಮೂಟೆ ಲೆಕ್ಕ! ಕೊಡೆಯೂ ಬೇಡ ಅನಿಸಿತು, ಹಾಗೇ ಹೋದೆ.

ಸಂಜೆ ಆರಕ್ಕೆ 4.7 ಕೂತಿತು. ರೈಟರ ಮನೆಯವರು ನೇರಳೆ ಬಣ್ಣದ ಪಾಯಸ ಕೊಟ್ಟರು. "ಮದ್ದು ಸೊಪ್ಪಿಂದು. ಆಟಿ ಹದಿನೆಂಟು ಅಲ್ವಾ ಇವತ್ತು? ಈ ದಿನ ಇದರಲ್ಲಿ ಹದಿನೆಂಟು ಮದ್ದು ಸೇರಿರ್ತದೆ" ಅಂದರು. ಆಟಿ ಅಂದರೆ ಇಲ್ಲಿಯ ಮಳೆಗಾಲದ ತಿಂಗಳು. ಹಸಿದಿದ್ದೆ. ಮೂರು ಬಟ್ಟಲು ಇಳಿಸಿದೆ.

ಮಾರನೇ ದಿನ ಬೆಳಿಗ್ಗೆ ಬಚ್ಚಲಲ್ಲಿ ನೋಡುತ್ತೇನೆ, ಕೆಂಪು! ಕಿಡ್ನಿ ಹೋಯಿತು, ಇಲ್ಲಾ ಜಿಗಣೆ ಒಳಗೆ ಹೊಕ್ಕಿದೆ ಅಂತ ನಡುಗುತ್ತಾ ರೈಟರಿಗೆ ಫೋನ್ ಮಾಡಿದೆ.

ಅವರು ಕೆಮ್ಮು ಬರುವಷ್ಟು ನಕ್ಕರು. "ಆ ಸೊಪ್ಪಿನ ಬಣ್ಣವೇ ಹಾಗೆ. ನಿನಗೆ ಮದ್ದು ಹಿಡಿದಿದೆ ಮಾರಾಯ. ಸರ್ವರಿಗೆ ಹಿಡಿದ ಹಾಗೆ ಕಾಣ್ಲಿಲ್ಲ, ಒಂದ್ಸಲ ಬಂದು ಹೋಗು."