ಎರಡು ಇಂಚು ಬಿಳಿ

2012ರ ಏಪ್ರಿಲ್. ಆಗ ನಾವು ಟೆಕ್ಸಸ್‌ನ ಫೋರ್ಟ್ ವರ್ತ್ ಹತ್ತಿರ ಇದ್ದೆವು. ಮಗಳಿಗೆ ಕುದುರೆ ಹುಚ್ಚು. ಶನಿವಾರ ಬಂತೆಂದರೆ ಅವಳನ್ನು ಸವಾರಿ ಕಲಿಸುವ ಲಾಯಕ್ಕೆ ಬಿಟ್ಟು, ನಾನು ಬೇಲಿ ಪಕ್ಕ ಕಾಫಿ ಕುಡಿಯುತ್ತಾ ಕೂರುತ್ತಿದ್ದೆ.

ಅವತ್ತು ಹೋದಾಗ ಹಿಂದಿನ ರಾತ್ರಿ ಹುಟ್ಟಿದ ಮರಿಯೊಂದು ತಾಯಿ ಪಕ್ಕ ನಿಂತಿತ್ತು. ತಾಯಿ ಪೇಂಟ್ ಕುದುರೆ, ಅಂದರೆ ಮೈಮೇಲೆ ಬಿಳಿ ಮಚ್ಚೆಗಳಿಗೆ ಹೆಸರಾದ ಅಮೆರಿಕದ ತಳಿ. ಕಂದು ಮೈ, ಎರಡೂ ಪಕ್ಕೆಗೆ ಸುಣ್ಣ ಎರಚಿದ ಹಾಗೆ ಬಿಳಿ. ಮರಿ ಮಾತ್ರ ಪೂರ್ತಿ ಕಂದು, ಅಪ್ಪನ ಹಾಗೆ. ಪಕ್ಕೆಯ ಮೇಲೆ ಒಂದೇ ಒಂದು ಬಿಳಿ ಮಚ್ಚೆ. ಲಾಯದ ಯಜಮಾನಿ ಮಗ್‌ನಲ್ಲಿ ನೀರು, ಇನ್ನೊಂದು ಕೈಯಲ್ಲಿ ದರ್ಜಿ ಟೇಪು ಹಿಡಿದು ಬಂದರು. ಮಚ್ಚೆ ಒದ್ದೆ ಮಾಡಿ, ಕೂದಲು ಸರಿಸಿ ನೋಡಿದರು. ಒಳಗೆ ಚರ್ಮ ಗುಲಾಬಿ. ಟೇಪು ಇಟ್ಟರು. ಒಂದೂವರೆ ಇಂಚು. ಇನ್ನೊಂದು ಕಡೆಯಿಂದ ಇಟ್ಟರು. ಅಷ್ಟೇ. ಏನೂ ಮಾತಾಡದೆ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು.

ಆಮೇಲೆ ಕೇಳಿ ತಿಳಿದುಕೊಂಡೆ. ಈ ತಳಿಯ ವಂಶಾವಳಿ ಬರೆದಿಡುವ ಅಮೆರಿಕನ್ ಪೇಂಟ್ ಹಾರ್ಸ್ ಅಸೋಸಿಯೇಷನ್ನಿನ ಮುಖ್ಯ ಪುಸ್ತಕಕ್ಕೆ ಆಗ ಹೆಸರು ಹತ್ತಬೇಕಾದರೆ ಅಪ್ಪ ಅಮ್ಮ ಇಬ್ಬರೂ ನೋಂದಾಯಿತ ಕುದುರೆಗಳಾಗಿರಬೇಕಿತ್ತು. ಪೇಂಟ್, ಕ್ವಾರ್ಟರ್ ಹಾರ್ಸ್ ಇಲ್ಲವೇ ಥರೋಬ್ರೆಡ್ ತಳಿಯವು. ಅದರ ಮೇಲೆ ಎರಡು ಇಂಚಿಗೂ ಜಾಸ್ತಿ ಬಿಳಿ ಬೇಕಿತ್ತು, ಅಡಿಯಲ್ಲಿ ಗುಲಾಬಿ ಚರ್ಮ ಇರಬೇಕಿತ್ತು. ಅದೂ ಎಲ್ಲೆಂದರಲ್ಲಿ ಇದ್ದರೆ ಆಗುತ್ತಿರಲಿಲ್ಲ. ಮಂಡಿಯಿಂದ ಕೆಳಗಿನ ಬಿಳಿ ಲೆಕ್ಕಕ್ಕಿರಲಿಲ್ಲ, ಹಣೆ ಮೇಲಿನ ಪಟ್ಟೆಯೂ ಇರಲಿಲ್ಲ. ನಮ್ಮ ಕಡೆ ನಾಲ್ಕು ಕಾಲು, ಮುಖ ಬಿಳಿ ಇದ್ದರೆ ಪಂಚಕಲ್ಯಾಣಿ ಅಂತ ಕಣ್ಣಿಗೊತ್ತಿಕೊಳ್ತಾರೆ. ಇಲ್ಲಿ ಅಷ್ಟೇ ಬಿಳಿಯಿಟ್ಟುಕೊಂಡು ಬಂದರೆ ಮುಖ್ಯ ಪುಸ್ತಕದ ಬಾಗಿಲು ಮುಚ್ಚಿರುತ್ತಿತ್ತು! ಅಂಥ ಮರಿಗಳಿಗೆ ಬೇರೆ ಪಟ್ಟಿ. ಮೊದಲು ‘ಬ್ರೀಡಿಂಗ್ ಸ್ಟಾಕ್’ ಅನ್ನುತ್ತಿದ್ದರಂತೆ, ಆಗ ‘ಸಾಲಿಡ್ ಪೇಂಟ್ ಬ್ರೆಡ್’, ಅಂದರೆ ಪೇಂಟ್ ವಂಶದ ಒಂದೇ ಬಣ್ಣದ್ದು. ಹೆಸರು ಸ್ವಲ್ಪ ಮರ್ಯಾದೆಯದಾಯಿತು, ಅಷ್ಟೇ.

ನನಗೆ ನಗು ಬಂದದ್ದು ಇದರ ಹಳೇ ಕಥೆ ಓದಿದ ಮೇಲೆ. 1940ರಲ್ಲಿ ಅದೇ ಫೋರ್ಟ್ ವರ್ತ್‌ನಲ್ಲಿ ಕ್ವಾರ್ಟರ್ ಹಾರ್ಸ್ ಸಂಘ ಹುಟ್ಟಿತು. ಬಿಳಿ ಜಾಸ್ತಿಯಾದ ಮರಿಯನ್ನು ಅವರು ಸೇರಿಸುತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಅಪ್ಪಟ ಕ್ವಾರ್ಟರ್ ಆಗಿದ್ದರೂ ಅಷ್ಟೇ. ಹಾಗೆ ಹೊರಬಿದ್ದವಕ್ಕೆ ‘ಕ್ರಾಪ್‌ಔಟ್’ ಅಂತ ಹೆಸರು. ಅಂಥ ಕುದುರೆಗಳಿಗೊಂದು ನೆಲೆ ಬೇಕು ಅಂತ 1962ರಲ್ಲಿ ರೆಬೆಕಾ ಲಾಕ್‌ಹಾರ್ಟ್ ಎಂಬ ಹೆಂಗಸು ತಮ್ಮ ಅಡುಗೆಮನೆ ಮೇಜಿನ ಮೇಲೆ ಕೂತು ನೋಂದಣಿ ಶುರುಮಾಡಿದರು. ಮೊದಲನೇ ನಂಬರು ಬ್ಯಾಂಡಿಟ್ಸ್ ಪಿಂಟೊ ಅನ್ನೋ ಕಪ್ಪು ಬಿಳುಪು ಕುದುರೆಗೆ. 1965ರಲ್ಲಿ ಇನ್ನೊಂದು ಸಂಘವೂ ಇದರ ಜೊತೆ ಸೇರಿ ಈಗಿನ ಪೇಂಟ್ ಸಂಘವಾಯಿತು. ಅಂದರೆ ಬಿಳಿ ಜಾಸ್ತಿ ಅಂತ ಆಚೆ ಹಾಕಿಸಿಕೊಂಡವರ ಮನೆಯಲ್ಲಿ, ಬಿಳಿ ಕಮ್ಮಿ ಅಂತ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ಇಷ್ಟರ ನಡುವೆ 2004ರಲ್ಲಿ ಕ್ವಾರ್ಟರ್‌ನವರು ತಮ್ಮ ಬಿಳಿ ನಿಯಮವನ್ನೇ ಕೈಬಿಟ್ಟರು!

ಯಜಮಾನಿಗೆ ಇದನ್ನೆಲ್ಲ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡು, “ಬಣ್ಣ ಬೇಡ ಅನ್ನೋರು ಕ್ವಾರ್ಟರ್ ಕೊಳ್ತಾರೆ. ನನ್ನ ಹತ್ರ ಬರೋರು ಬಣ್ಣಕ್ಕೇ ದುಡ್ಡು ಕೊಡೋದು” ಅಂದರು. ತಪ್ಪೇನಿಲ್ಲ. ಬಣ್ಣದ ಹೆಸರಲ್ಲೇ ಸಂಘ ಕಟ್ಟಿದ ಮೇಲೆ ಬಣ್ಣದ ಪ್ರದರ್ಶನ ಮಾಡಲಿ, ಬಹುಮಾನ ಬಿಳಿಗೇ ಕೊಡಲಿ. ಆದರೆ ವಂಶಾವಳಿ ಬರೆಯೋ ಪುಸ್ತಕ ಯಾಕೆ ಟೇಪು ಹಿಡಿಯಬೇಕು? ರಕ್ತದ ಲೆಕ್ಕಕ್ಕೂ ಚರ್ಮದ ಲೆಕ್ಕಕ್ಕೂ ಒಂದೇ ಅಳತೆಗೋಲು ಹಾಕುವುದು ನನಗೆ ಅವತ್ತೂ ಒಪ್ಪಿಗೆಯಾಗಲಿಲ್ಲ, ಇವತ್ತೂ ಇಲ್ಲ.

ಮರ್ಯಾದೆ ಪ್ರಶ್ನೆ ಹಾಗಿರಲಿ. ಕಣ್ಣಳತೆಯಲ್ಲಿ ಅಪಾಯವೂ ಇದೆ. ಆ ತಾಯಿ ಕುದುರೆಯ ಬಿಳಿಗೆ ‘ಫ್ರೇಮ್’ ಅನ್ನುತ್ತಾರೆ. ಸುತ್ತ ಕಂದು ಚೌಕಟ್ಟು, ನಡುವೆ ಬಿಳಿ. ಈ ಜೀನ್ ಒಂದು ಪ್ರತಿ ಬಂದರೆ ಮೈಮೇಲೆ ಚಂದದ ಬಣ್ಣ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡೂ ಬಂದರೆ ಮರಿ ಹೆಚ್ಚುಕಮ್ಮಿ ಪೂರ್ತಿ ಬೆಳ್ಳಗೆ ಹುಟ್ಟುತ್ತದೆ. ಕರುಳಿಗೆ ಬೇಕಾದ ನರಕೋಶಗಳೇ ಇರುವುದಿಲ್ಲ. ಕುಡಿದ ಹಾಲು ಮುಂದೆ ಹೋಗುವುದಿಲ್ಲ. ಹೊಟ್ಟೆನೋವಿನಿಂದ ಒದ್ದಾಡಿ ಕೆಲವೇ ದಿನದಲ್ಲಿ ಸಾಯುತ್ತದೆ. ಎರಡು ಫ್ರೇಮ್ ಕುದುರೆ ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಗೆ ಈ ಗತಿ ಬರಬಹುದು. 1998ರಲ್ಲೇ ಈ ಜೀನ್ ಗುರುತಿಸಿದ್ದಾರೆ, ಪರೀಕ್ಷೆಯೂ ಇದೆ.

ಕಷ್ಟ ಏನಪ್ಪಾ ಅಂದರೆ, ಫ್ರೇಮ್ ಒಳಗಿದ್ದೂ ಮೈಮೇಲೆ ಕಾಣದೇ ಇರಬಹುದು. ನೋಡೋಕೆ ಸಾದಾ ಕಂದು, ಕಾಗದದಲ್ಲಿ ‘ಸಾಲಿಡ್’. ಕೊಂಡವನು ಕಾಗದ ನಂಬಿ, ಇದು ಬಣ್ಣವಿಲ್ಲದ್ದು, ತೊಂದರೆಯಿಲ್ಲ ಅಂತ ಫ್ರೇಮ್ ಕುದುರೆಗೆ ಕೊಟ್ಟರೆ?

ಇದನ್ನು ಯಜಮಾನಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಮುಂದಿನ ಶನಿವಾರ ಮರಿಯ ಬಾಲದಿಂದ ಬೇರು ಸಮೇತ ಒಂದಷ್ಟು ಕೂದಲು ಕಿತ್ತು ಲಕೋಟೆಗೆ ಹಾಕುತ್ತಿದ್ದರು. ಮಗಳು ಮರಿಯ ಕುತ್ತಿಗೆ ಹಿಡಿದುಕೊಂಡಿದ್ದಳು. ಕೆಲವು ವಾರದ ಮೇಲೆ ಫಲಿತಾಂಶ ಬಂತು. ಫ್ರೇಮ್ ಇದೆ, ಒಂದು ಪ್ರತಿ. ಆ ಹಾಳೆಯನ್ನು ‘ಸಾಲಿಡ್’ ಅಂತ ಬರೆದ ಕಾಗದಕ್ಕೇ ಸ್ಟೇಪ್ಲರ್ ಹೊಡೆದು ಫೈಲಿಗೆ ಹಾಕಿದರು. “ನಾಳೆ ಇವನನ್ನು ಮಾರಿದರೂ ಎರಡೂ ಜೊತೆಗೇ ಹೋಗ್ಬೇಕು” ಅಂದರು.